ಹಿಮದೂರಿನ ನಲ್ಲಿ

ನಲ್ಲಿ ಸೋರುತ್ತಿತ್ತು.

ಬೆಳಗಿನ ಜಾವ ಐದು ಗಂಟೆ. ಹೊರಗೆ ಮೊಣಕಾಲುದ್ದ ಹಿಮ ಬಿದ್ದಿತ್ತು. ಮೂರು ರಗ್ಗು, ಎರಡು ಸ್ವೆಟರು, ಒಂದು ಉಣ್ಣೆ ಟೋಪಿಯ ಒಳಗೆ ಹುದುಗಿ ಮಲಗಿದ್ದವನ ಕಿವಿಗೆ ಕೆಳಗಿನ ಅಡುಗೆಮನೆಯಿಂದ ಆ ಸದ್ದು ಬರುತ್ತಲೇ ಇತ್ತು. ಟಪ್, ಟಪ್, ಟಪ್. ಬೇರೆ ಯಾರಾದರೂ ಆಗಿದ್ದರೆ ಮಗ್ಗುಲು ಬದಲಿಸಿ ಮಲಗುತ್ತಿದ್ದರು. ಇವನಿಂದ ಆಗಲಿಲ್ಲ. ನಲವತ್ತೊಂದು ವರ್ಷ ನಲ್ಲಿ ರಿಪೇರಿ ಮಾಡಿದವನು. ತೊಟ್ಟಿಲಲ್ಲಿ ಕೂಸು ಅತ್ತರೆ ಹೆತ್ತವಳಿಗೆ ಹೇಗೋ, ಸೋರುವ ನಲ್ಲಿಯ ಸದ್ದು ಇವನಿಗೆ ಹಾಗೆ.

ಗೆಳೆಯರು ಅವನನ್ನು ಕರೆಯುತ್ತಿದ್ದುದೇ ವಾಷರ್ ಎಂದು. ಉಳಿದವರ ಜೇಬಿನಲ್ಲಿ ಪೆನ್ನು, ಬಾಚಣಿಗೆ ಇದ್ದರೆ ಇವನ ಜೇಬಿನಲ್ಲಿ ನಾಲ್ಕು ರಬ್ಬರ್ ವಾಷರ್ ಇರುತ್ತಿದ್ದವು. ತನ್ನ ಮದುವೆಯ ದಿನವೂ ಇದ್ದವಂತೆ. ಅದಕ್ಕೆ ಸಾಕ್ಷಿ ಹೇಳಬೇಕಾದ ಹೆಂಡತಿ ತೀರಿಹೋಗಿ ಆರು ವರ್ಷವಾಗಿತ್ತು.

ಗೆಳೆಯರು ನಾಲ್ವರು. ಚಿಕ್ಕಂದಿನಲ್ಲಿ ಒಂದೇ ಬೀದಿಯ ಒಂದೇ ನಲ್ಲಿಯ ಮುಂದೆ ಕೊಡ ಹಿಡಿದು ನಿಂತವರು. ದಿನಕ್ಕೆ ಒಂದು ಗಂಟೆ ಬರುತ್ತಿದ್ದ ಆ ನೀರಿನಲ್ಲಿ ಒಂದು ಹನಿ ಚೆಲ್ಲಿದರೂ ಬೆನ್ನ ಮೇಲೆ ಗುದ್ದು ಬೀಳುತ್ತಿತ್ತು. ಆಮೇಲೆ ಒಬ್ಬ ಮೇಷ್ಟ್ರಾದ. ಗೆಳೆಯನಾದರೂ ಆತನನ್ನು ಬಹುವಚನದಲ್ಲಿ ಕರೆಯುವುದು ಉಳಿದವರಿಗೆ ರೂಢಿಯಾಗಿಹೋಯಿತು. ಇನ್ನೊಬ್ಬ ಬಸ್ಸಿನ ಕಂಡಕ್ಟರ್ ಆದ. ಮೂರನೆಯವನು ಬ್ರೆಡ್ಡು ಸುಡುವ ಕೆಲಸ ಕಲಿತು, ಹಡಗು ಹತ್ತಿ, ಸಮುದ್ರದಾಚೆಯ ಈ ಬೆಟ್ಟದೂರಿಗೆ ಬಂದು ಅಂಗಡಿ ಇಟ್ಟು, ಇಲ್ಲಿಯವಳನ್ನೇ ಮದುವೆಯಾಗಿ ನಿಂತುಬಿಟ್ಟ. ಅವನಿಗೆ ಬೇಕರಿ ಎಂದು ಹೆಸರು ಬಿತ್ತು. ಇಪ್ಪತ್ತೆರಡು ವರ್ಷದಿಂದ ಅವನು ಫೋನಿನಲ್ಲಿ ಕರೆಯುತ್ತಲೇ ಇದ್ದ. "ಚಳಿಗಾಲದ ರಜಕ್ಕೆ ಒಂದ್ಸಲ ಬಂದು ಹೋಗ್ರೋ. ನಮ್ಮಲ್ಲಿ ಯಾರು ಯಾವಾಗ ಹೋಗ್ತೀವೋ ಯಾರಿಗೆ ಗೊತ್ತು."

ಈ ವರ್ಷ ಕೊನೆಗೂ ಬಂದರು. ಆದರೆ ಹೊರಡುವುದಕ್ಕೆ ಒಂದು ವಾರ ಮೊದಲೇ ಮೇಷ್ಟ್ರು ವಾಷರನನ್ನು ಎದುರಿಗೆ ಕೂರಿಸಿಕೊಂಡಿದ್ದರು.

"ನೋಡು, ಅಲ್ಲಿ ನೀನು ಏನನ್ನೂ ಮುಟ್ಟಬಾರ್ದು. ನಲ್ಲಿ, ಪೈಪು, ಟ್ಯಾಂಕು, ಏನನ್ನೂ. ಮುಟ್ಟಿದ್ದು ಗೊತ್ತಾದ್ರೆ ಇದೇ ಕೊನೆ. ಇನ್ನು ಯಾವ ಪ್ರಯಾಣಕ್ಕೂ ನಿನ್ನ ಕರೆಯಲ್ಲ."

ಮೇಷ್ಟ್ರ ಮಾತಿಗೆ ಕಾರಣವಿತ್ತು. ಹಿಂದೊಮ್ಮೆ ಮೂವರೂ ಸಮುದ್ರ ನೋಡಲು ಹೋಗಿದ್ದಾಗ ವಾಷರ್ ಲಾಡ್ಜಿನ ಶವರ್ ಸರಿಮಾಡಲು ಹೋಗಿ ಇಡೀ ಮಹಡಿಗೆ ನೀರು ನಿಂತುಹೋಗಿತ್ತು. ಮೇಷ್ಟ್ರು ಮೈತುಂಬ ಸೋಪು ಮೆತ್ತಿಕೊಂಡು, ಟವೆಲ್ ಸುತ್ತಿಕೊಂಡು, ತಮ್ಮ ಹಳೆಯ ವಿದ್ಯಾರ್ಥಿಗಳ ಕುಟುಂಬವೊಂದರ ಮುಂದೆಯೇ ಸಮುದ್ರಕ್ಕೆ ಓಡಬೇಕಾಗಿತ್ತು.

ವಾಷರ್ ಆಣೆ ಮಾಡಿದ್ದ. ಅವನಿಗೆ ಈ ಗೆಳೆಯರು ಬೇಕಾಗಿದ್ದರು. ಮಕ್ಕಳಿಲ್ಲ. ಕೆಲಸವೂ ಇಲ್ಲ, ಈಗಿನವರು ನಲ್ಲಿ ಸೋರಿದರೆ ನಲ್ಲಿಯನ್ನೇ ಕಿತ್ತೆಸೆದು ಹೊಸದು ಹಾಕಿಸುತ್ತಾರೆ. ಮನೆಯಲ್ಲಿ ಕೆಲವು ದಿನ ಸಂಜೆ ದೀಪ ಹಾಕುವಾಗ ಅವನಿಗೆ ಹೊಳೆಯುತ್ತಿತ್ತು: ಈ ಹೊತ್ತು ತಾನು ಬಾಯಿ ತೆರೆದದ್ದು ಹಲ್ಲುಜ್ಜಲು ಮತ್ತು ಉಣ್ಣಲು ಮಾತ್ರ. ಹಾಗಾಗಿ ಈ ಗೆಳೆಯರೂ ಕೈಬಿಟ್ಟರೆ ಅವನಿಗೆ ಉಳಿಯುವುದು ಗೋಡೆ ಒಂದೇ.

ಇಷ್ಟೆಲ್ಲ ಗೊತ್ತಿದ್ದೂ ಅವನು ಎದ್ದ. ಕತ್ತಲಲ್ಲಿ ಮೆಟ್ಟಿಲಿಳಿದ. ಅಡುಗೆಮನೆಯ ನಲ್ಲಿಯನ್ನು ಬಿಗಿಯಾಗಿ ತಿರುಗಿಸಿದ. ಹನಿ ಕಡಿಮೆಯಾಯಿತೇ ಹೊರತು ನಿಲ್ಲಲಿಲ್ಲ. ಮುಟ್ಟಬಾರದು ಎಂದದ್ದು ನಿಜ. ಆದರೆ ಈಗಾಗಲೇ ಮುಟ್ಟಿಯಾಗಿತ್ತು. ಸಿಂಕಿನ ಕೆಳಗಿನ ತಿರುಪು ನಿಲ್ಲಿಸಿ, ನಲ್ಲಿ ಬಿಚ್ಚಿ, ಸವೆದ ವಾಷರ್ ತೆಗೆದು, ಜೇಬಿನದನ್ನು ಕೂರಿಸಿ, ಕೆಳಗಿನ ತಿರುಪನ್ನು ಮತ್ತೆ ಬಿಟ್ಟ. ಆರು ನಿಮಿಷದ ಕೆಲಸ. ಕೊನೆಗೆ ಅಭ್ಯಾಸಬಲದಿಂದ ಬಟ್ಟೆ ತೆಗೆದುಕೊಂಡು ನಲ್ಲಿಯನ್ನು ತಿಕ್ಕಿ ಒರೆಸಿದ.

ಮನೆಯೆಲ್ಲ ನಿಶ್ಶಬ್ದವಾಯಿತು. ಊರು ಬಿಟ್ಟ ಮೇಲೆ ಮೊದಲ ಸಲ ಅವನಿಗೆ ಗಾಢ ನಿದ್ದೆ ಬಂತು.

*

ಎಂಟು ಗಂಟೆಗೆ ಅವನನ್ನು ಎಬ್ಬಿಸಿದ್ದು ಅತ್ತಿಗೆಯ ಕೂಗು.

ಬೇಕರಿಯ ಹೆಂಡತಿಯನ್ನು ಮೂವರೂ ಅತ್ತಿಗೆ ಎನ್ನುತ್ತಿದ್ದರು. ಆಕೆ ಕನ್ನಡ ಕಲಿತದ್ದು ಗಂಡ ಗೆಳೆಯರ ಜೊತೆ ಫೋನಿನಲ್ಲಿ ಆಡುವ ಮಾತು ಕೇಳಿಸಿಕೊಂಡು. ಆದ್ದರಿಂದ ಆಕೆಯ ಬಾಯಲ್ಲಿ 'ಲೋ' ಮತ್ತು 'ಕಣೋ' ಬಿಟ್ಟರೆ ಬೇರೆ ಮರ್ಯಾದೆ ಇರಲಿಲ್ಲ. ಬಂದ ದಿನ ಬಾಗಿಲಲ್ಲಿ ನಿಂತು, ತುಂಬ ಗೌರವದಿಂದ, "ಬನ್ರೋ ಅಣ್ಣಂದಿರಾ, ಸತ್ತಿಲ್ವೇನ್ರೋ ಇನ್ನೂ?" ಎಂದಿದ್ದಳು.

"ಲೋ! ನೀರಿಲ್ಲ ಕಣ್ರೋ! ಏಳ್ರೋ!"

ಎಲ್ಲರೂ ಅಡುಗೆಮನೆಗೆ ಬಂದರು. ಬೇಕರಿ ನಲ್ಲಿ ತಿರುಗಿಸಿದ. ಅದು ಮುದುಕನಂತೆ ಒಮ್ಮೆ ಕೆಮ್ಮಿ ಸುಮ್ಮನಾಯಿತು. ಅವನ ಮುಖ ಬಿಳಿಚಿತು.

"ಯಾರೋ ನಲ್ಲಿ ನಿಲ್ಸಿದ್ದು?"

"ನಿಲ್ಲಿಸದೆ ಇನ್ನೇನು ಮಾಡ್ತಾರೆ?" ಎಂದ ಕಂಡಕ್ಟರ್.

"ಇದು ನಮ್ಮೂರಲ್ಲಪ್ಪ! ಈ ಚಳೀಲಿ ಇಲ್ಲಿ ನಲ್ಲೀನ ಪೂರ್ತಿ ನಿಲ್ಸೋ ಹಾಗಿಲ್ಲ. ಹನೀತಾ ಇರ್ಬೇಕು. ಹರೀತಿರೋ ನೀರು ಕಲ್ಲಾಗಲ್ಲ, ನಿಂತ ನೀರು ಪೈಪಲ್ಲೇ ಕಲ್ಲಾಗತ್ತೆ. ಮಲಗೋಕೆ ಮುಂಚೆ ನಾನೇ ಬಿಟ್ಟಿದ್ದೆ. ಈಗ ಪೈಪ್ ಒಡೆದ್ರೆ ಮನೆಯೆಲ್ಲ ಕೆರೆ!"

ವಾಷರನ ಬೆರಳು ಜೇಬಿನಲ್ಲಿ ಉಳಿದಿದ್ದ ಮೂರು ವಾಷರ್‌ಗಳನ್ನು ತಡವಿತು. ನಲವತ್ತೊಂದು ವರ್ಷದ ಅವನ ವಿದ್ಯೆಯೆಲ್ಲ ಹನಿ ನಿಲ್ಲಿಸುವ ವಿದ್ಯೆ. ಹನಿ ಬಿಡುವುದೂ ಒಂದು ವಿದ್ಯೆ ಎಂದು ಯಾರೂ ಹೇಳಿಕೊಟ್ಟಿರಲಿಲ್ಲ.

"ನಾನಲ್ಲಪ್ಪ," ಎಂದ ಕಂಡಕ್ಟರ್. "ನಾನು ಎದ್ದೇ ಇಲ್ಲ. ಏಳೋಣ ಅಂದ್ರೆ ಕಾಲು ನಂದೋ ಮಂಚದ್ದೋ ಗೊತ್ತಾಗ್ತಿರ್ಲಿಲ್ಲ."

ಮೇಷ್ಟ್ರು ಕನ್ನಡಕದ ಮೇಲಿನಿಂದ ನೋಡಿದರು. "ವಾಷರ್?"

"ನಾನು... ಮುಟ್ಟಿಲ್ಲ," ಎಂದ ವಾಷರ್.

"ಮುಟ್ಟಿಲ್ಲ ಅಂದ್ರೆ ಮುಟ್ಟಿಲ್ಲ, ಬಿಡಿ. ಮಾತು ಕೊಟ್ಟಿದ್ದಾನೆ," ಎಂದು ಬೇಕರಿ ತನ್ನ ಹೆಂಡತಿಯ ಕಡೆ ತಿರುಗಿದ. "ಹಾಗಾದ್ರೆ ನೀನೇ. ರಾತ್ರಿ ಪಾತ್ರೆ ತೊಳೆದು ನಿಲ್ಲಿಸಿದ್ದೀಯ."

"ನಾನಾ? ಹುಟ್ಟಿದ್ದೇ ಇಲ್ಲಿ ಕಣೋ ನಾನು! ಹಿಮದಲ್ಲಿ ಹುಟ್ಟಿದೋಳು ನಲ್ಲಿ ನಿಲ್ಲಿಸ್ತಾಳಾ? ನೀನೇ ನೀರು ಕುಡಿಯೋಕೆ ಬಂದು ನಿಲ್ಲಿಸಿದ್ದೀಯ. ನಿಮ್ಮೂರ ಬುದ್ಧಿ!"

ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಒಳಗೇ ಹೆಪ್ಪುಗಟ್ಟಿದ್ದೆಲ್ಲ ಅಲ್ಲಿಂದ ಕರಗಿ ಹರಿಯತೊಡಗಿತು. ಮೊದಲು ಕನ್ನಡದಲ್ಲಿ, ಆಮೇಲೆ ಆಕೆಯ ಭಾಷೆಯಲ್ಲಿ, ಆಮೇಲೆ ಎರಡರಲ್ಲೂ ಒಟ್ಟಿಗೆ. ವಾಷರ್ ಎರಡು ಸಲ ಬಾಯಿ ತೆರೆದ. ಎರಡು ಸಲವೂ ಮೇಷ್ಟ್ರ ಮುಖ ನೋಡಿ ಮುಚ್ಚಿದ.

*

ಆ ದಿನ ಎಲ್ಲರೂ ತಂತಿಯ ಮೇಲೆ ತೂಗುತ್ತ ಸಾಗುವ ಡಬ್ಬಿಯಲ್ಲಿ ಕೂತು ಬೆಟ್ಟದ ತುದಿಗೆ ಹೋಗುವುದೆಂದು ನಿಶ್ಚಯವಾಗಿತ್ತು. ಮೇಷ್ಟ್ರು ಮೂವತ್ತು ವರ್ಷ ಕಪ್ಪುಹಲಗೆಯ ಮೇಲೆ ಬಿಳಿ ಸೀಮೆಸುಣ್ಣದಲ್ಲಿ ಹಿಮದ ಬೆಟ್ಟ ಬರೆದವರು. ಒಂದು ಸಲ ಅದನ್ನು ಕಾಲಿನಿಂದ ತುಳಿಯಬೇಕೆಂದು ಬಂದಿದ್ದರು. ಪೈಪು ಯಾವಾಗ ಒಡೆಯುವುದೋ ಗೊತ್ತಿಲ್ಲದಾಗ ಮನೆ ಬಿಟ್ಟು ಹೋಗುವುದು ಹೇಗೆ? ಅವರು ಕಿಟಕಿಯ ಬಳಿ ಕೂತು ದೂರದ ಬೆಟ್ಟವನ್ನು, ಪರೀಕ್ಷೆಗೆ ಬಾರದ ಹುಡುಗನನ್ನು ನೋಡುವಂತೆ ನೋಡುತ್ತಿದ್ದರು. ಆಕಾಶ ಒಲೆಯ ಬೂದಿಯ ಬಣ್ಣಕ್ಕಿತ್ತು. ಆ ಊರಿನ ಸೂರ್ಯ ಕಚೇರಿಯ ಗುಮಾಸ್ತನ ಹಾಗೆ. ಹನ್ನೊಂದಕ್ಕೆ ಬಂದು ಒಂದು ಸಹಿ ಹಾಕಿ ಎರಡಕ್ಕೆ ಹೊರಟುಬಿಡುತ್ತಿದ್ದ.

ಅಷ್ಟರಲ್ಲಿ ಪಕ್ಕದ ಮನೆಯ ನಿವೃತ್ತ ಅಂಚೆಯವನು ಬಂದ. ಅರವತ್ತು ಮನೆಗೆ ಕಾಗದ ಹಂಚಿ ಅಭ್ಯಾಸವಾದವನು. ಈಗ ಕಾಗದವಿಲ್ಲದ್ದರಿಂದ ಬುದ್ಧಿವಾದ ಹಂಚುತ್ತಿದ್ದ. ತನ್ನ ಭಾಷೆಯಲ್ಲಿ ಹತ್ತು ನಿಮಿಷ ಕೈಬಾಯಿ ಆಡಿಸಿ ಮಾತಾಡಿದ.

"ಏನಂತಾನೆ?" ಎಂದು ಕಂಡಕ್ಟರ್ ಕೇಳಿದ.

"ಬಿಸಿ ಮಾಡ್ರೋ ಅಂತಾನೆ," ಎಂದಳು ಅತ್ತಿಗೆ.

"ಅಷ್ಟೇನಾ? ಅಷ್ಟು ಹೊತ್ತು?"

"ಉಳಿದಿದ್ದು ನಿಮ್ಮನ್ನ ಬೈದಿದ್ದು."

ನೆಲಮಾಳಿಗೆಯಲ್ಲಿ ಪೈಪಿಗೆ ಕೂದಲು ಒಣಗಿಸುವ ಯಂತ್ರ ಹಿಡಿಯಬೇಕೆಂದು ತೀರ್ಮಾನವಾಯಿತು. ಅಂಚೆಯವನು ತನ್ನ ಹೆಂಡತಿಯದನ್ನೂ ತಂದ. ಎರಡನ್ನೂ ಒಟ್ಟಿಗೆ ಹಾಕಿದ್ದೇ ತಡ, ಮನೆಯ ಫ್ಯೂಸು ಹಾರಿಹೋಯಿತು. ದೀಪ ಆರಿತು, ಹೀಟರ್ ತಣ್ಣಗಾಯಿತು. ಅಂಚೆಯವನು ಮತ್ತೆ ಐದು ನಿಮಿಷ ಮಾತಾಡಿದ.

"ಈಗ?"

"ಇದು ಪೂರ್ತಿ ಬೈಗುಳ."

ಫ್ಯೂಸು ಹಾಕುವುದು ಬೇಕರಿಯ ಪಾಲಿಗೆ ಬಂತು. ಕಂಡಕ್ಟರ್ ಮತ್ತು ಮೇಷ್ಟ್ರಿಗೆ ಅಂಗಳದಿಂದ ಹಿಮ ತುಂಬಿ ತಂದು ಒಲೆಯ ಮೇಲೆ ಕರಗಿಸುವ ಕೆಲಸ. ಒಂದು ಬಕೆಟ್ ಹಿಮ ಕರಗಿದರೆ ತಳದಲ್ಲಿ ಎರಡು ಲೋಟ ನೀರು ಉಳಿಯುತ್ತಿತ್ತು. "ರಾಜಕಾರಣಿಗಳ ಭಾಷಣ ಇದ್ದ ಹಾಗಿದೆ," ಎಂದು ಗೊಣಗಿದರು ಮೇಷ್ಟ್ರು.

ಇನ್ನು ಅದಕ್ಕಿಂತ ತುರ್ತಿನ ವಿಷಯ. ವಯಸ್ಸಾದ ನಾಲ್ಕು ಗಂಡಸರು, ಕೊರೆಯುವ ಚಳಿ, ಕಕ್ಕಸಿಗೆ ನೀರಿಲ್ಲ. ಅಂಚೆಯವನ ಮನೆಗೆ ಹಿಮದಲ್ಲಿ ಒಬ್ಬರ ಹಿಂದೆ ಒಬ್ಬರು ಹೋಗಿಬರುವುದು ಶುರುವಾಯಿತು. ಅವನು ಕಕ್ಕಸಿನ ಬಾಗಿಲ ಹೊರಗೆ ನಿಂತು ಗಡಿಯಾರ ನೋಡುತ್ತಿದ್ದ. ಮೂರನೆಯ ಸಲ ಹೋಗಿಬರುವಾಗ ಕಂಡಕ್ಟರ್ ಜಾರಿ, ಕೂತ ಭಂಗಿಯಲ್ಲೇ ಇಳಿಜಾರಿನಲ್ಲಿ ಮನೆ ಬಾಗಿಲವರೆಗೂ ಬಂದ.

"ಮೂವತ್ತಾರು ವರ್ಷ ಬಸ್ಸಲ್ಲಿ ನಿಂತೆ," ಎಂದ ಸೊಂಟ ನೀವಿಕೊಳ್ಳುತ್ತ. "ಸೀಟು ಸಿಕ್ಕಿದ್ದು ಇವತ್ತು. ಲೋ ವಾಷರ್, ಆ ನಲ್ಲಿ ನಿಲ್ಲಿಸಿದ ಪುಣ್ಯಾತ್ಮ ನನ್ನ ಕೈಗೆ ಸಿಗ್ಲಿ ನೋಡು!"

ವಾಷರ್ ನೆಲಮಾಳಿಗೆಗೆ ಇಳಿದ.

*

ಪೈಪಿಗೆ ಬಿಸಿನೀರಿನಲ್ಲಿ ಅದ್ದಿದ ಬಟ್ಟೆ ಸುತ್ತುವ ಕೆಲಸವನ್ನು ಅವನೇ ಕೇಳಿ ಹಾಕಿಸಿಕೊಂಡಿದ್ದ. "ನೀನ್ಯಾಕೋ, ರಜಕ್ಕೆ ಬಂದೋನು," ಎನ್ನುವಾಗ ಬೇಕರಿಯ ಕಣ್ಣು ಒದ್ದೆಯಾಗಿತ್ತು. "ನೋಡ್ರೋ, ಸ್ನೇಹ ಅಂದ್ರೆ ಇದು." ಆ ಮಾತು ವಾಷರನಿಗೆ ಗುದ್ದಿಗಿಂತ ಜೋರಾಗಿ ಬಿತ್ತು.

ನೆಲಮಾಳಿಗೆ ಎಂದರೆ ಐಸ್‌ಪೆಟ್ಟಿಗೆ. ಒಂದು ಗೋಡೆಗೆ ಸೌದೆ, ಇನ್ನೊಂದು ಗೋಡೆಗೆ ಅಂಗಡಿಯ ಹನ್ನೊಂದು ಚೀಲ ಮೈದಾಹಿಟ್ಟು. ಬಟ್ಟೆ ಸುತ್ತುವುದು, ಅದು ಎರಡು ನಿಮಿಷಕ್ಕೆ ತಣ್ಣಗಾಗುವುದು, ಬಿಚ್ಚಿ ಮತ್ತೆ ಸುತ್ತುವುದು. ಮಧ್ಯಾಹ್ನ ಒಂದೂವರೆಗೆ ಪೈಪಿನೊಳಗೆ ಗೊರಗೊರ ಸದ್ದಾಯಿತು. ವಾಷರನ ಮುಖ ಅರಳಿತು. ಮರುಕ್ಷಣವೇ, ಒಳಗಿನ ನೀರು ಹೆಪ್ಪುಗಟ್ಟುವಾಗ ಸೀಳಿಹೋಗಿದ್ದ ಪೈಪು ತನ್ನ ಸೀಳು ತೋರಿಸಿತು. ನೀರು ನೇರ ಅವನ ಮುಖಕ್ಕೆ ಹೊಡೆದು, ಅಲ್ಲಿಂದ ಹಿಟ್ಟಿನ ಚೀಲಗಳ ಮೇಲೆ ಹಾರಿತು. ಅವನು ಮುಖ್ಯ ತಿರುಪು ಹುಡುಕಿ ನಿಲ್ಲಿಸುವಷ್ಟರಲ್ಲಿ ನಾಲ್ಕು ಚೀಲ ಹಿಟ್ಟು ಕಣಕವಾಗಿತ್ತು. ಓಡಿಬಂದ ಬೇಕರಿ ಒಂದು ಚೀಲಕ್ಕೆ ಬೆರಳೊತ್ತಿ ನೋಡಿದ.

"ಹದ ಸರಿಯಾಗಿದೆ," ಎಂದ ಸತ್ತ ದನಿಯಲ್ಲಿ. "ಬ್ರೆಡ್ಡು ಮಾಡ್ಬಹುದಿತ್ತು. ಕೊಳ್ಳೋರು ಯಾರು? ಎಲ್ಲಾ ರಜಕ್ಕೆ ಹೋಗಿದ್ದಾರೆ."

ಅಂಚೆಯವನ ಶೆಡ್ಡಿನಲ್ಲಿ ಹಳೆಯ ಪೈಪಿನ ತುಂಡು, ಗರಗಸ, ನಟ್ಟು ತಿರುಗಿಸುವ ಎರಡು ದೊಡ್ಡ ಪಾನ ಸಿಕ್ಕವು. ಒದ್ದೆ ಸ್ವೆಟರಿನಲ್ಲೇ ವಾಷರ್ ಕೆಲಸಕ್ಕೆ ಕೂತ. ಸೀಳಿದ್ದನ್ನು ಕೊಯ್ದು ತೆಗೆದ, ಹೊಸ ತುಂಡು ಜೋಡಿಸಿದ. ಅಲ್ಲಿಗೆ ನಿಲ್ಲಿಸಬಹುದಿತ್ತು. ತಪ್ಪು ಮಾಡಿದವನ ಕೈ ಬೇಗ ನಿಲ್ಲುವುದಿಲ್ಲ. ಇಡೀ ಪೈಪಿಗೆ ಹಳೆಯ ಉಣ್ಣೆಬಟ್ಟೆ ಸುತ್ತಿದ, ಗಾಳಿ ಬರುವ ಬಿರುಕಿಗೆ ನಾರು ತುರುಕಿದ, ಇಪ್ಪತ್ತು ವರ್ಷದಿಂದ ತಿರುಗದಿದ್ದ ತಿರುಪುಗಳನ್ನು ಬಿಚ್ಚಿ ಎಣ್ಣೆ ಹಾಕಿದ.

ಮೂರು ಗಂಟೆಗೆ ಅತ್ತಿಗೆ ಹಿಮ ಕರಗಿಸಿದ ನೀರಿನಲ್ಲಿ ಚಹಾ ಮಾಡಿ ತಂದಳು. ಮೆಟ್ಟಿಲ ಮೇಲೆ ಕೂತು ಅವನ ಕೆಲಸವನ್ನೇ ತುಂಬ ಹೊತ್ತು ನೋಡಿದಳು.

"ಅಣ್ಣ, ನಿಂಗೆ ಚಳಿ ಆಗಲ್ವೇನೋ?"

"ಇಲ್ಲ ಅತ್ತಿಗೆ," ಎಂದ, ಹಲ್ಲು ಕಟಕಟ ಎನ್ನುತ್ತಿದ್ದರೂ.

"ಮನೇಲಿ ಒಬ್ನೇ ಇರ್ತೀಯಂತೆ. ಭಯ ಆಗಲ್ವಾ?"

"ಅಭ್ಯಾಸ ಆಗ್ಹೋಗಿದೆ."

ಆಕೆ ತಲೆಯಾಡಿಸಿ, ಏನೋ ನಿರ್ಧಾರ ಮಾಡಿದವಳಂತೆ ಎದ್ದುಹೋದಳು. ಸ್ವಲ್ಪ ಹೊತ್ತಿಗೆ ಮೇಲಿನಿಂದ ಗಂಡಹೆಂಡಿರ ಜೋರು ಮಾತು ಮತ್ತೆ ಕೇಳಿಸಿತು. ಬೀರುವಿನ ಬಾಗಿಲು ಧಡಾರ್ ಎಂದಿತು. ಆಮೇಲೆ ಕಂಡಕ್ಟರ್ ಸೊಂಟ ಹಿಡಿದುಕೊಂಡು ಅರ್ಧ ಮೆಟ್ಟಿಲು ಇಳಿದುಬಂದು ಪಿಸುಗುಟ್ಟಿದ.

"ಕೆಟ್ಹೋಯ್ತು ಕಣೋ. ಅತ್ತಿಗೆ ಬಟ್ಟೆ ಪೆಟ್ಟಿಗೆಗೆ ತುಂಬ್ತಿದ್ದಾಳೆ. 'ಇಪ್ಪತ್ತೆರಡು ವರ್ಷ ಸಾಕು, ಹೊರಟೆ' ಅಂತಿದ್ದಾಳೆ. ಒಂದು ನಲ್ಲಿಗೋಸ್ಕರ ಸಂಸಾರ ಮುರೀತಲ್ಲೋ!"

ವಾಷರನ ಕೈಯಿಂದ ಪಾನ ಜಾರಿ ಬಿತ್ತು.

ಉಳಿದ ಕೆಲಸವನ್ನು ಅವನು ಹೇಗೆ ಮುಗಿಸಿದನೋ ಅವನಿಗೇ ಗೊತ್ತಿಲ್ಲ. ಒಂದು ಕಡೆ ಗೆಳೆಯನ ಮನೆ. ಇನ್ನೊಂದು ಕಡೆ, ಬಾಯಿಬಿಟ್ಟರೆ ತನ್ನ ಉಳಿದ ಆಯುಷ್ಯದ ಸಂಜೆಗಳು. ಬೇಕರಿಗೆ ಹೆಂಡತಿ ಹೋದರೆ ಅವನ ಮನೆಯೂ ತನ್ನ ಮನೆಯ ಹಾಗೇ ಆಗುತ್ತದೆ. ಆ ಮನೆ ಹೇಗಿರುತ್ತದೆ ಎಂಬುದು ಇವನಿಗೆ ಗೊತ್ತಿದ್ದಷ್ಟು ಬೇರೆ ಯಾರಿಗೂ ಗೊತ್ತಿರಲಿಲ್ಲ.

*

ಐದೂವರೆಗೆ ಅವನು ಮೇಲೆ ಬಂದಾಗ ಹೊರಗೆ ಕಪ್ಪು ಕತ್ತಲು. ನಾಲ್ವರೂ ಅಡುಗೆಮನೆಯ ಮೇಜಿನ ಸುತ್ತ ಕೂತಿದ್ದರು. ಇವನು ಬಂದೊಡನೆ ಮಾತು ನಿಲ್ಲಿಸಿದರು. ಬಾಗಿಲ ಬಳಿ ದೊಡ್ಡ ಪೆಟ್ಟಿಗೆ ನಿಂತಿತ್ತು.

ವಾಷರ್ ಹೋಗಿ ನಲ್ಲಿ ತಿರುಗಿಸಿದ. ನೀರು ಬಂತು. ಹನಿ ಬಿಡುವಷ್ಟಕ್ಕೆ ನಿಲ್ಲಿಸಿ, ತಿರುಗಿ ನಿಂತ. ಮೈದಾಹಿಟ್ಟು ಮೆತ್ತಿ ಒಣಗಿ ಅವನ ಮುಖ ಗೋಡೆಯ ಹಾಗಾಗಿತ್ತು.

"ಅತ್ತಿಗೆ, ಪೆಟ್ಟಿಗೆ ಒಳಗಿಡಿ. ಇವನ ತಪ್ಪೇನೂ ಇಲ್ಲ, ನಿಮ್ಮ ತಪ್ಪೂ ಇಲ್ಲ. ಬೆಳಗ್ಗೆ ಐದಕ್ಕೆ ಎದ್ದು ನಲ್ಲಿ ನಿಲ್ಲಿಸಿದ್ದು ನಾನು. ಬರೀ ನಿಲ್ಲಿಸ್ಲಿಲ್ಲ, ವಾಷರೂ ಬದಲಾಯಿಸ್ದೆ. ಸುಳ್ಳು ಹೇಳ್ದೆ. ಮೇಷ್ಟ್ರೇ, ಆಣೆ ಮುರಿದಿದ್ದೀನಿ. ಇನ್ನು ನನ್ನ ಎಲ್ಲಿಗೂ ಕರೀಬೇಡಿ, ನಾನು ಬೇಜಾರು ಮಾಡ್ಕೊಳ್ಳಲ್ಲ. ಆದ್ರೆ ಅತ್ತಿಗೆ, ನೀವು ಮಾತ್ರ ಮನೆ ಬಿಟ್ಟು ಹೋಗ್ಬೇಡಿ."

ಮೇಜಿನ ಸುತ್ತಲಿನವರು ಒಬ್ಬರ ಮುಖ ಒಬ್ಬರು ನೋಡಿದರು.

"ಅದು ನಾಲ್ಕು ಗಂಟೆಗೇ ಗೊತ್ತಾಯ್ತಲ್ಲೋ," ಎಂದ ಕಂಡಕ್ಟರ್.

"ಹೇಗೆ?"

"ನಲ್ಲಿ ಕನ್ನಡಿ ಹಾಗೆ ಹೊಳೀತಿತ್ತು. ಭೂಮಿ ಮೇಲೆ ನಲ್ಲಿಗೆ ಪಾಲಿಶ್ ಹಾಕೋ ಕಳ್ಳ ನೀನೊಬ್ನೇ."

"ಮತ್ತೆ ಕೇಳ್ಲಿಲ್ಲ ಯಾಕೆ?"

"ಕೆಲ್ಸ ಮಾಡ್ತಿದ್ದೆ. ಮಧ್ಯದಲ್ಲಿ ಯಾಕೆ ತೊಂದ್ರೆ ಕೊಡೋದು ಅಂತ ಸುಮ್ನಾದ್ವಿ," ಎಂದರು ಮೇಷ್ಟ್ರು. ಅವರ ಮುಖದಲ್ಲಿ ಸಿಟ್ಟೇ ಇರಲಿಲ್ಲ. "ಬಾ, ಕೂತ್ಕೋ. ನಿನ್ನ ಕರೆಯಲ್ಲ ಅಂತ ಯಾರಂದ್ರು? ಇನ್ನು ಪ್ರತಿ ವರ್ಷ ನೀನು ಬರ್ಲೇಬೇಕು."

"ಪ್ರತಿ ಚಳಿಗಾಲ ಕಣೋ ಅಣ್ಣ," ಎಂದಳು ಅತ್ತಿಗೆ, ಅವನ ಕೈ ಹಿಡಿದು. "ನೀನು ಇಲ್ದೆ ಆಗಲ್ಲ."

ವಾಷರನ ಕಣ್ಣಲ್ಲಿ ನೀರು ಬಂದು ಕೆನ್ನೆಯ ಹಿಟ್ಟಿನಲ್ಲಿ ಎರಡು ಗೆರೆ ಎಳೆಯಿತು. ಬೆಳಗಿನಿಂದ ಮೊದಲ ಸಲ ಅವನ ಮೈ ಬೆಚ್ಚಗಾಯಿತು. "ಹಾಗಾದ್ರೆ ಈ ಪೆಟ್ಟಿಗೆ?"

ಅತ್ತಿಗೆ ಖುಷಿಯಿಂದ ಪೆಟ್ಟಿಗೆ ತೆರೆದು ತೋರಿಸಿದಳು. ಒಳಗೆ ತೆಳು ಹತ್ತಿಯ ಬಟ್ಟೆಗಳು, ಕಪ್ಪು ಕನ್ನಡಕ, ಅಗಲ ಅಂಚಿನ ಹುಲ್ಲಿನ ಟೋಪಿ.

"ಇಪ್ಪತ್ತೆರಡು ವರ್ಷ ಕಣೋ! ಚಳಿಗಾಲದಲ್ಲಿ ಈ ಮನೆ ಬಿಟ್ಟು ಒಂದು ದಿನ ಹೋಗಿಲ್ಲ. ಒಲೆ ಆರಬಾರ್ದು, ಪೈಪು ಒಡೀಬಾರ್ದು. ಯಾರನ್ನ ನಂಬಿ ಬಿಡ್ಲಿ? ಇವತ್ತು ನಿನ್ನ ಕೆಲಸ ನೋಡ್ದೆ. ಆಗ್ಲೇ ಇವನಿಗೆ ಹೇಳ್ದೆ, ಸಾಕು, ನಾನು ಬಿಸಿಲು ನೋಡ್ಬೇಕು ಅಂತ. ಬರಲ್ಲ ಅಂತ ಕೂಗಾಡ್ದ. ಆಮೇಲೆ ಒಪ್ದ."

"ನಾಡಿದ್ದು ಊರಿಗೆ ಹೊರಡ್ತೀವಿ," ಎಂದ ಬೇಕರಿ. "ನಾಲ್ವರೂ."

ವಾಷರ್ ಮೇಜಿನ ಸುತ್ತ ಎಣಿಸಿದ. ಬೇಕರಿ, ಅತ್ತಿಗೆ, ಮೇಷ್ಟ್ರು, ಕಂಡಕ್ಟರ್.

"ನಂಗೂ ಮೇಷ್ಟ್ರಿಗೂ ಈ ಚಳಿ ಆಗಲ್ಲಪ್ಪ," ಎಂದ ಕಂಡಕ್ಟರ್ ನೆಲ ನೋಡುತ್ತ. "ಸೊಂಟ ಬೇರೆ ಹೋಯ್ತು. ಆಗ್ಲೇ ಫೋನ್ ಮಾಡಿ ಟಿಕೆಟ್ ಬದಲಾಯಿಸ್ದೆ. ನಿನ್ನದನ್ನೂ ಬದಲಾಯಿಸ್ದೆ, ಮೂರು ತಿಂಗಳಾದ ಮೇಲೆ ಇಟ್ಟಿದ್ದೀನಿ. ಅಂಚೆಯವನು ದಿನಾ ಬಂದು ನೋಡ್ಕೊಂಡು ಹೋಗ್ತಾನಂತೆ, ಒಬ್ನೇ ಅಂತ ಅಂದ್ಕೋಬೇಡ."

"ಮಾತಿಗೆ ಆಗ್ತಾನೆ," ಎಂದರು ಮೇಷ್ಟ್ರು.

"ನಂಗೆ ಅವನ ಭಾಷೆ ಬರಲ್ವಲ್ಲ," ಎಂದ ವಾಷರ್.

"ಬಯ್ಯೋದು ತಾನೇ, ಅರ್ಥ ಆಗತ್ತೆ." ಕಂಡಕ್ಟರ್ ಗಂಟಲು ಸರಿಮಾಡಿಕೊಂಡ. "ಇನ್ನೊಂದು ವಿಷ್ಯ. ಮೇಷ್ಟ್ರ ಮನೇಲಿ ಕಾಲಿಡೋಕೆ ಜಾಗ ಇಲ್ಲ, ತುಂಬ ಮೊಮ್ಮಕ್ಕಳು. ನಮ್ಮನೆ ನಿಂಗೆ ಗೊತ್ತೇ ಇದೆ. ಇವರಿಬ್ರೂ ಎಲ್ಲಿ ಇಳ್ಕೋಬೇಕು? ನಿನ್ನ ಮನೆ ಹೇಗೂ ಖಾಲಿ. ನಾವೂ ಹಗಲೆಲ್ಲ ಅಲ್ಲೇ ಬಂದು ಕೂರೋಣ, ನಾಲ್ಕು ಜನ ಒಟ್ಟಿಗೆ ರಜ ಕಳೆದ ಹಾಗೂ ಆಗತ್ತೆ ಅಂತ..."

ಹಿಂದೆ ನಲ್ಲಿ ಹನಿಯುತ್ತಿತ್ತು. ಟಪ್, ಟಪ್, ಟಪ್.

ವಾಷರ್ ಒದ್ದೆ ಪ್ಯಾಂಟಿನ ಜೇಬಿನಿಂದ ಮನೆಯ ಬೀಗದ ಕೈ ತೆಗೆದು, ಅಂಟಿದ್ದ ಹಿಟ್ಟನ್ನು ಒರೆಸಿ, ಮೇಜಿನ ಮೇಲಿಟ್ಟ. ಕಂಡಕ್ಟರ್ ಅದನ್ನು ಬೇಗ ಎತ್ತಿಕೊಂಡ.

"ಬೆಳಗ್ಗೆ ಬಿಸಿಲು ಮುಂದಿನ ಕೋಣೆ ಕಿಟಕೀಲಿ ಬೀಳತ್ತೆ," ಎಂದ ವಾಷರ್. "ಹತ್ತು ಗಂಟೆವರೆಗೂ ಚೆನ್ನಾಗಿರತ್ತೆ. ಅಲ್ಲೇ ಕೂತ್ಕೊಳ್ಳಿ, ಅತ್ತಿಗೆಗೂ ಹಿಡಿಸತ್ತೆ." ಸ್ವಲ್ಪ ಯೋಚಿಸಿ, ತಪ್ಪು ಒಪ್ಪಿಕೊಳ್ಳುವವನ ಹಾಗೆ ಮತ್ತೆ ಹೇಳಿದ: "ಆದ್ರೆ ನಮ್ಮನೇಲಿ ಕುರ್ಚಿ ಒಂದೇ ಇರೋದು. ಇನ್ನು ಮೂರು ಪಕ್ಕದ ಮನೇಲಿ ಕೇಳಿ ಇಸ್ಕೊಳ್ಳಿ."